ಪ್ಯಾಟರ್ಸನ್ನಿನಲ್ಲಿ ಕಳುವಾದ ಅಜ್ಜಿ

ವಾಕಿಂಗ್ ಟೂರ್ ಮಾಡಿಸುವ ಗೈಡು ಯಾವಾಗಲೂ ಬಿಸಿಲಿಗೆ ಮುಖ ಕೊಟ್ಟು ನಿಲ್ಲಬೇಕು. ಬಂದವರ ಬೆನ್ನಿಗೆ ಬಿಸಿಲು, ನಮ್ಮ ಕಣ್ಣಿಗೆ ಬಿಸಿಲು. ಅವರು ಕಣ್ಣು ಕಿರಿದು ಮಾಡಿಕೊಂಡು ನಿಂತರೆ ಹೇಳಿದ್ದೊಂದೂ ತಲೆಗೆ ಹೋಗುವುದಿಲ್ಲ. ಇದನ್ನು ನಮ್ಮಲ್ಲಿ ಹೊಸದಾಗಿ ಸೇರಿದ ಮೈಸೂರಿನವನಿಗೆ ಕಲಿಸಿದವಳು ನಾನು. ಕೊನೆಯವರು ಬಂದು ಸೇರುವ ತನಕ ಬಾಯಿ ತೆರೆಯಬಾರದು, ರಸ್ತೆ ದಾಟಿಸುವಾಗ ಮಾತಾಡಬಾರದು, ತನ್ನದಲ್ಲದ್ದನ್ನು ತನ್ನದೆಂದು ಹೇಳಬಾರದು, ಇವನ್ನೂ ನಾನೇ ಕಲಿಸಿದೆ. ಮೊದಲಿನ ಮೂರನ್ನು ಅವನು ಬಹಳ ಅಚ್ಚುಕಟ್ಟಾಗಿ ಕಲಿತ.

ನ್ಯೂಜೆರ್ಸಿಯ ಪ್ಯಾಟರ್ಸನ್, ಪಸೇಯಿಕ್ ನದಿ ಬಂಡೆಗಳ ಮೇಲಿಂದ ಧುಮುಕುವ ಜಾಗದಲ್ಲಿ ಕಟ್ಟಿದ ಊರು. ಆ ನೀರನ್ನು ನಾಲೆಗೆ ತಿರುಗಿಸಿ, ನಾಲೆಯಿಂದ ಚಕ್ರ ತಿರುಗಿಸಿ, ಚಕ್ರದಿಂದ ಗಿರಣಿಗಳನ್ನು ಓಡಿಸಿದರು. ಒಂದು ಕಾಲದಲ್ಲಿ ಅಮೆರಿಕದ ರೇಷ್ಮೆಯೆಂದರೆ ಈ ಊರೇ. ವಾರದ ಐದು ದಿನ ನಾನು ಮಾನ್ಮತ್ ಜಂಕ್ಷನ್ನಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಮೆಟುಚೆನ್ನಿನ ಮನೆಯಿಂದ ಡ್ರೈವ್ ಮಾಡಿಕೊಂಡು ಪ್ಯಾಟರ್ಸನ್ನಿಗೆ ಹೋಗಿ, ಊರಿನ ಇತಿಹಾಸ ನೋಡಿಕೊಳ್ಳುವ ಒಂದು ಪುಟ್ಟ ಸಂಸ್ಥೆಗೆ ಗೈಡ್ ಆಗುತ್ತೇನೆ. ಯಾಕೆ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ: ಇಳಕಲ್ಲಿನಲ್ಲಿ ಹುಟ್ಟಿದವಳು, ಮಗ್ಗ ಇರುವ ಊರು ಬಿಟ್ಟು ಇರಲಾರೆ.

ಹಾಗಂತ ಟೂರಿನಲ್ಲಿ ನಾನು ಇಳಕಲ್ಲಿನ ಹೆಸರೆತ್ತಿದವಳಲ್ಲ. ಜನ ಬರುವುದು ಪ್ಯಾಟರ್ಸನ್ ನೋಡಲು, ನಮ್ಮ ಮನೆತನದ ಪುರಾಣ ಕೇಳಲು ಅಲ್ಲ ಎನ್ನುವುದು ನನ್ನ ನಿಯಮ. ನೀರು ಎಷ್ಟು ಎತ್ತರದಿಂದ ಬೀಳುತ್ತದೆ, ನಾಲೆ ಯಾಕೆ ಮೂರು ಹಂತದಲ್ಲಿ ಹರಿಯುತ್ತದೆ, ಒಂದು ಗಿರಣಿ ಬಳಸಿದ ನೀರು ಕೆಳಗಿನ ಇನ್ನೊಂದು ಗಿರಣಿಗೆ ಹೇಗೆ ಸಿಗುತ್ತಿತ್ತು, ಇಂಥವನ್ನು ನಾನು ಬಿಡಿಸಿ ಹೇಳುತ್ತಿದ್ದೆ. ಜನ ತಲೆಯಾಡಿಸುತ್ತಿದ್ದರು, ಥ್ಯಾಂಕ್ ಯು ಎನ್ನುತ್ತಿದ್ದರು, ಹೋಗುತ್ತಿದ್ದರು.

ಮೈಸೂರಿನವನು ಬಂದ ಮೇಲೆ ಜನ ಹೋಗದೆ ನಿಲ್ಲತೊಡಗಿದರು. ಅವನಿಗೆ ಮೂವತ್ತರ ಆಸುಪಾಸು. ಹ್ಯಾರಿಸನ್ನಿನ ಹೊಸ ಅಪಾರ್ಟ್‌ಮೆಂಟಿನಲ್ಲಿದ್ದ, ಮ್ಯಾನ್‌ಹ್ಯಾಟನ್ನಿಗೆ ಕಮ್ಯೂಟ್ ಮಾಡುತ್ತಿದ್ದ, ಶನಿವಾರ ಬಿಡುವಿತ್ತು. ಚಳಿಗಾಲವಿಡೀ ನನ್ನ ಹಿಂದೆ ನಡೆದು ಕೆಲಸ ಕಲಿತ. ವಸಂತ ಬರುವಷ್ಟರಲ್ಲಿ ಅವನ ಟೂರು ಮುಗಿದ ಮೇಲೂ ಜನ ಅವನ ಸುತ್ತ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ಮಧ್ಯಾಹ್ನ ಮಜ್ಜಿಗೆ ಕುಡಿದರೂ ಆರುತ್ತಿರಲಿಲ್ಲ. ಅವನು ಒಳ್ಳೆಯವನಾಗಿದ್ದದ್ದು ಇನ್ನೂ ಕಷ್ಟ. "ಅಕ್ಕ, ಎಲ್ಲಾ ನಿಮ್ಮಿಂದ್ಲೇ ಕಲ್ತಿದ್ದು" ಅಂತ ಎಲ್ಲರೆದುರು ಹೇಳುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಉರಿ ಒಂದು ಮೊಳ ಮೇಲಕ್ಕೇರುತ್ತಿತ್ತು.

ಅದೇ ಹೊತ್ತಿಗೆ ನಮ್ಮ ಮುಖ್ಯ ಗೈಡ್ ಆಗಿದ್ದ ಅಜ್ಜ ಫ್ಲಾರಿಡಾಕ್ಕೆ ಹೊರಟುನಿಂತ. ಮುಖ್ಯ ಗೈಡ್ ಆದವರೇ ಟೂರಿನ ದಾರಿ ನಿರ್ಧರಿಸುವುದು, ಎಲ್ಲಿ ನಿಲ್ಲಬೇಕು, ಏನು ತೋರಿಸಬೇಕು ಎನ್ನುವುದು ಅವರದೇ ಮಾತು. ಆ ಜಾಗಕ್ಕೆ ನಾನು ವರ್ಷಗಟ್ಟಲೆ ಕಾದಿದ್ದೆ. ಈಗಿನ ದಾರಿ ಗಿರಣಿ ಮಾಲೀಕರ ಕಟ್ಟಡಗಳ ಮುಂದೆ ನಿಲ್ಲುತ್ತದೆ, ಮಗ್ಗದವರು ಬದುಕಿದ ಬೀದಿಗಳನ್ನು ತಪ್ಪಿಸಿಕೊಂಡು ಹೋಗುತ್ತದೆ. ಅದನ್ನು ಬದಲಿಸಬೇಕೆಂದು ನಾನು ಎಷ್ಟೋ ಭಾನುವಾರ ಒಬ್ಬಳೇ ಆ ಬೀದಿಗಳಲ್ಲಿ ನಡೆದಿದ್ದೆ, ಮ್ಯಾನೇಜರಿಗೂ ಹೇಳಿಟ್ಟಿದ್ದೆ.

ನಮ್ಮ ಮ್ಯಾನೇಜರ್ ಅಮೆರಿಕನ್ ಹೆಂಗಸು, ಕಡಿಮೆ ಮಾತಿನವಳು. ನಮ್ಮಿಬ್ಬರನ್ನೂ ಕರೆದು ಹೇಳಿದಳು: ಮೇ ತಿಂಗಳಲ್ಲಿ ಎಡಿಸನ್ ಕಡೆಯಿಂದ ಒಂದು ದೊಡ್ಡ ಕನ್ನಡ ಗುಂಪು ಬರುತ್ತಿದೆ, ಊರಿನಿಂದ ಬಂದ ತಂದೆ ತಾಯಿಗಳೂ ಇದ್ದಾರೆ, ಟೂರು ಪೂರ್ತಿ ಕನ್ನಡದಲ್ಲೇ ಆಗಬೇಕಂತೆ. ಮೊದಲರ್ಧ ನನ್ನದು, ಎರಡನೆಯ ಅರ್ಧ ಅವನದು. ಅವಳು ಜೊತೆಗೆ ನಡೆಯುತ್ತಾಳೆ, ಕೊನೆಗೆ ಒಬ್ಬರನ್ನು ಆರಿಸುತ್ತಾಳೆ.

"ಆದರೆ ನಿಮಗೆ ಕನ್ನಡ ಬರುವುದಿಲ್ಲವಲ್ಲ" ಎಂದೆ.

"ನಾನು ಮುಖ ನೋಡುತ್ತೇನೆ" ಎಂದಳು. "ಅದಕ್ಕೆ ಭಾಷೆ ಬೇಡ."

ದಾರಿ ಹಂಚಿಕೊಂಡೆವು. ಜಲಪಾತ, ನಾಲೆ, ಗಿರಣಿಗಳು, ಹಳೆಯ ರೈಲು ಎಂಜಿನ್ ಕಾರ್ಖಾನೆಯೊಳಗಿನ ಮ್ಯೂಸಿಯಂ, ಅಲ್ಲಿನ ರೇಷ್ಮೆ ಮಗ್ಗ, ಇಷ್ಟು ನನ್ನದು. ಅಲ್ಲಿಂದ ಮಾರ್ಕೆಟ್ ಸ್ಟ್ರೀಟ್ ಹಿಡಿದು ಡೌನ್‌ಟೌನು, ದೊಡ್ಡ ಬೆಂಕಿಯಲ್ಲಿ ಸುಟ್ಟು ಮತ್ತೆ ಎದ್ದ ಬೀದಿಗಳು, ಸಿಟಿ ಹಾಲ್, ಇಷ್ಟು ಅವನದು. ಮಗ್ಗ ನನ್ನ ಪಾಲಿಗೆ ಬಂದದ್ದಕ್ಕೆ ಒಳಗೊಳಗೇ ಹಿಗ್ಗಿದೆ. ಹಿಂದಿನ ವಾರ ಎರಡು ಸಲ ಹೋಗಿ ದಾರಿ ನಡೆದು ನೋಡಿದೆ. ಎಲ್ಲಿ ನೆರಳಿದೆ, ಎಲ್ಲಿ ಬಾತ್‌ರೂಮಿದೆ, ಮೊಣಕಾಲು ನೋವಿನವರು ಎಲ್ಲಿ ಕೂರಬಹುದು, ಎಲ್ಲವನ್ನೂ ಗುರುತು ಮಾಡಿಕೊಂಡೆ.

ಆದರೆ ನಮ್ಮ ಜನರ ಒಂದು ಗುಣವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ದಿನ ಬಸ್ಸು ತಡವಾಗಿಯೇ ಬಂತು. ಬಂದ ಮೇಲೆ ಇಳಿದವರು ಜಲಪಾತದ ಕಡೆ ತಿರುಗಿಯೂ ನೋಡದೆ ಪಾರ್ಕಿಂಗ್ ಲಾಟಿನಲ್ಲಿ ಅಲ್ಯೂಮಿನಿಯಂ ಟ್ರೇಗಳನ್ನು ಬಿಚ್ಚಿದರು. ಉಪ್ಪಿಟ್ಟು, ಚಟ್ನಿ, ಥರ್ಮಾಸಿನಲ್ಲಿ ಕಾಫಿ.

"ಟೂರ್ ಆಮೇಲೆ ಶುರು ಮಾಡ್ರಿ ಆಂಟಿ, ಮೊದಲು ನೀವು ತಿನ್ರಿ" ಎಂದು ಸಂಘದ ಕಾರ್ಯದರ್ಶಿ ನನ್ನ ಕೈಗೇ ಪ್ಲೇಟ್ ಇಟ್ಟ. ನಲವತ್ತು ದಾಟಿದವನು ನನ್ನನ್ನು ಆಂಟಿ ಎಂದದ್ದೂ ಆ ದಿನದ ಲೆಕ್ಕದಲ್ಲಿ ಸೇರಲಿ.

ನಾನು ಗಡಿಯಾರ ನೋಡುತ್ತ ಉಪ್ಪಿಟ್ಟು ನುಂಗಿದೆ. ಮೈಸೂರಿನವನು ಎರಡನೆಯ ಸಲ ಹಾಕಿಸಿಕೊಂಡು, ಮಾಡಿದವರು ಯಾರು ಅಂತ ವಿಚಾರಿಸಿ, ಅವರ ಅತ್ತೆಯ ಕೈರುಚಿಯವರೆಗೂ ಹೋದ. ಮ್ಯಾನೇಜರ್ ಒಂದು ಪಕ್ಕಕ್ಕೆ ನಿಂತು ಎಲ್ಲರ ಮುಖ ನೋಡುತ್ತಿದ್ದಳು.

ಜಲಪಾತದ ಹತ್ತಿರ ಹೋದಾಗ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಮಂಜಿನಂತೆ ಹನಿ ಬಂದು ಆಂಟಿಯರ ಸೀರೆಯ ಮೇಲೆ ಕೂತಿತು, ನೀರಿನ ಸದ್ದಿಗೆ ನನ್ನ ಮಾತು ಮೊದಲ ಸಾಲಿನವರಿಗೂ ಕೇಳಿಸಲಿಲ್ಲ. ಗುಂಪನ್ನು ಹಿಂದಕ್ಕೆ, ಮರಗಳ ಕೆಳಗೆ ಕರೆದುಕೊಂಡು ಹೋಗಿ ಮತ್ತೆ ಶುರು ಮಾಡಬೇಕಾಯಿತು. ನಾಲೆಯ ಪಕ್ಕದಲ್ಲಿ ಮೂರು ಹಂತಗಳನ್ನು ವಿವರಿಸುವಾಗ ಒಬ್ಬ ಅಂಕಲ್ ಮಾತ್ರ ಆಸಕ್ತಿಯಿಂದ ಕೇಳಿದರು, ಅವರು ನೀರಾವರಿ ಇಲಾಖೆಯಲ್ಲಿದ್ದವರು. ಉಳಿದವರ ಫೋನು ಹೊರಗೆ ಬಂದಿತ್ತು. ಮಕ್ಕಳು "ಆರ್ ವಿ ಡನ್?" ಎನ್ನುತ್ತಿದ್ದರು.

ಮ್ಯೂಸಿಯಂ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಹೊತ್ತು ಮುಗಿದೇಹೋಗಿತ್ತು. ಒಳಗೆ ಹೋಗಿ ನಾನೇ ಮಗ್ಗ ತೋರಿಸಿದರೆ ಅವನ ಡೌನ್‌ಟೌನಿಗೆ ಸಮಯ ಉಳಿಯುತ್ತಿರಲಿಲ್ಲ. ಅವನ ಸಮಯ ತಿಂದಳು ಅಂತ ಮ್ಯಾನೇಜರ್ ಅಂದುಕೊಂಡರೆ ಎನ್ನುವ ಹೆದರಿಕೆ. ಬಾಗಿಲಲ್ಲೇ ನಿಂತು, "ಇಲ್ಲಿಂದ ಮುಂದ ನೀನ ಹೇಳಪಾ" ಎಂದು ಬಿಟ್ಟುಕೊಟ್ಟೆ. ಹಲ್ಲು ಕಚ್ಚಿಕೊಂಡು ಬಿಟ್ಟುಕೊಟ್ಟೆ.

ಅವನು ಮಗ್ಗದ ಮುಂದೆ ನಿಂತ. ಅದಕ್ಕೆ ಅವನು ತಯಾರಾಗಿ ಬಂದಿರಲಿಲ್ಲ, ನನಗದು ಗೊತ್ತಿತ್ತು. ಒಂದು ಕ್ಷಣ ಮಗ್ಗದ ಉದ್ದಕ್ಕೂ ಬಿಗಿದಿದ್ದ ಹಾಸಿನ ನೂಲುಗಳನ್ನೇ ನೋಡಿದ. ಆಮೇಲೆ ದನಿ ಇಳಿಸಿ, "ಇದನ್ನ ನೋಡಿದ್ರೆ ನಂಗೆ ನಮ್ಮಜ್ಜಿ ನೆನಪಾಗ್ತಾರೆ" ಎಂದ.

ನನ್ನ ಕಿವಿ ನೆಟ್ಟಗಾಯಿತು.

"ನಮ್ಮಜ್ಜಿ ಇಳಕಲ್ಲಲ್ಲಿ ನೇಯೋರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸ್ಬೇಕು. ಕಣ್ಣು ಹೋದ್ಮೇಲೂ ನಮ್ಮಜ್ಜಿ ಅದನ್ನ ಬರೀ ಬೆರಳಲ್ಲೇ ಮಾಡೋರು. ಈ ಊರಲ್ಲೂ ಹಂಗೇ, ಹಳೇ ಹಾಸಿನ ತುದಿಗೆ ಹೊಸ ಹಾಸಿನ ತುದಿ ಬೆರಳಲ್ಲಿ ಹೊಸೆದು ಸೇರಿಸೋಕೇ ಬೇರೆ ಜನ ಇದ್ರು. ಮಗಳ ಮದುವೆ ಸೀರೆ ಮಗ್ಗಕ್ಕೆ ಬಂದಾಗ ಅಜ್ಜಿ ಬೇಕೂಂತ್ಲೇ ಒಂದೇ ಒಂದು ಎಳೆಗೆ ಕೊಂಡಿ ಹಾಕ್ದೆ ಬಿಟ್ರು. ಯಾಕೆ ಅಂದ್ರೆ, ಪೂರ್ತಿ ಚೆನ್ನಾಗಿದ್ರೆ ಮಗಳಿಗೆ ದೃಷ್ಟಿ ಆಗುತ್ತೆ ಅಂತ. ಕಣ್ಣಿಗೆ ಕಾಣಲ್ಲ ಆ ಸಂದು. ಆದ್ರೆ ಆ ಮಗಳು ಬದುಕಿರೋವರ್ಗೂ, ಏನಾದ್ರೂ ಚಿಂತೆ ಆದಾಗ, ಸೆರಗು ಹಿಡ್ಕೊಂಡು ಬೆರಳಲ್ಲಿ ಆ ಸಂದು ಹುಡುಕ್ತಾ ಇದ್ರು."

ಅದು ನನ್ನ ಅಜ್ಜಿ. ಆ ಮಗಳು ನಮ್ಮವ್ವ. ಫೆಬ್ರುವರಿಯ ಒಂದು ಶನಿವಾರ, ನಾಲೆಯ ಪಕ್ಕದ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಊಟ ಮಾಡುವಾಗ ಅವನಿಗೆ ಹೇಳಿದ್ದೆ. ಗಂಡನಿಗೆ ಬಿಟ್ಟರೆ ಇನ್ನೊಬ್ಬರಿಗೆ ಹೇಳಿದವಳಲ್ಲ. ಅವ್ವ ಹೋದ ವರ್ಷ ತೀರಿಕೊಂಡಿದ್ದಳು, ಆ ದಿನ ಏಕೋ ಬಾಯಿಗೆ ಬಂತು, ಹೇಳಿಬಿಟ್ಟೆ.

ನನ್ನ ಮೈಯೆಲ್ಲ ಉರಿದುಹೋಯಿತು. ಕದ್ದದ್ದಕ್ಕೆ ಬಂದ ಸಿಟ್ಟು ಒಂದು ಪಾಲು ಇತ್ತು, ನಿಜ. ಉಳಿದ ಮೂರು ಪಾಲು ಶುದ್ಧ ಹೊಟ್ಟೆಕಿಚ್ಚು. ಯಾಕೆಂದರೆ ಫೋನುಗಳು ಒಳಗೆ ಹೋಗಿದ್ದವು. ಮಕ್ಕಳು ಸುಮ್ಮನಾಗಿದ್ದರು. ಒಬ್ಬ ಆಂಟಿ ತನಗೇ ತಿಳಿಯದೆ ತನ್ನ ಸೆರಗನ್ನು ಬೆರಳಲ್ಲಿ ತಡವುತ್ತಿದ್ದಳು. ನನ್ನ ಅಜ್ಜಿಯನ್ನು ನನಗಿಂತ ಚೆನ್ನಾಗಿ ಹೇಳಿದ್ದ, ಕಳ್ಳ.

ಆಗ ಹಿಂದಿನಿಂದ ಒಂದು ದನಿ ಬಂತು. "ಯಪ್ಪಾ, ನೀ ಇಳಕಲ್ಲಿನವ ಏನು?"

ಮಗನ ಮನೆಗೆಂದು ಬಾಗಲಕೋಟೆಯಿಂದ ಬಂದಿದ್ದ ಆಂಟಿ. ಮುಖ ಅರಳಿತ್ತು. ಅಮೆರಿಕದಲ್ಲಿ ತಮ್ಮ ಕಡೆಯವನೊಬ್ಬ ಸಿಕ್ಕನಲ್ಲ ಎನ್ನುವ ಖುಷಿಯಲ್ಲಿ ಗುಂಪನ್ನು ಸರಿಸಿಕೊಂಡು ಮುಂದೆ ಬಂದರು.

"ನನ್ನ ತವರುಮನಿ ಇಳಕಲ್ಲ. ನಿಮ್ಮಜ್ಜಿದು ಯಾವ ಓಣಿ? ಯಾರ ಪೈಕಿ ನೀವು? ಮನಿತನದ ಹೆಸರ ಹೇಳು, ನಾ ಗುರ್ತು ಹಿಡೀತೀನಿ."

ಈ ದೇಶದ ಯಾವ ಗುಂಪಿನ ಮುಂದೆ ಬೇಕಾದರೂ ಅಜ್ಜಿಯನ್ನು ಕಡ ತಂದು ಹೇಳಬಹುದು, ದಕ್ಕುತ್ತದೆ. ಕನ್ನಡದ ಆಂಟಿಯೊಬ್ಬರ ಮುಂದೆ ಮಾತ್ರ ದಕ್ಕುವುದಿಲ್ಲ. ಓಣಿ ಕೇಳುತ್ತಾರೆ, ಪೈಕಿ ಕೇಳುತ್ತಾರೆ, ಅತ್ತೆಯ ತವರು ಕೇಳುತ್ತಾರೆ. ಇಷ್ಟು ಮುಂಜಾಗ್ರತೆಯನ್ನು ನಾನು ಅವನಿಗೆ ಕಲಿಸಿರಲಿಲ್ಲ.

"ಅದು... ಬಜಾರ್ ಹತ್ರ ಆಂಟಿ" ಎಂದ.

"ಯಾವ ಬಜಾರ? ಮತ್ತ ನಿನ್ನ ಭಾಷಾ ಹಂಗ ಅನಸೂದಿಲ್ಲಲಾ?"

ಜನ ನಕ್ಕರು. ಇಬ್ಬರು ಮೂವರು ಒಟ್ಟಿಗೆ ಮಾತಾಡತೊಡಗಿದರು, ಒಬ್ಬರು ಇಳಕಲ್ಲಿನ ಬಸ್‌ಸ್ಟ್ಯಾಂಡಿನಿಂದ ದಾರಿ ಹೇಳಲು ಹೊರಟರು. ಅವನು ಗುಂಪಿನ ತಲೆಗಳ ಮೇಲಿಂದ ನನ್ನನ್ನು ನೋಡಿದ. ಓಣಿಯ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಹೇಳಿದ್ದರೆ ಅವನು ಉಳಿಯುತ್ತಿದ್ದ. ನಾನು ಕೈಕಟ್ಟಿ ನಿಂತೆ. ಮುಳುಗಲಿ ಅಂದುಕೊಂಡೆ, ಇದರಲ್ಲಿ ಮುಚ್ಚಿಡುವುದೇನಿಲ್ಲ.

ಅವನ ಮುಖ ಕೆಂಪಾಯಿತು. ಎರಡೂ ಕೈ ಜೋಡಿಸಿದ.

"ಆಂಟಿ, ಸುಳ್ಳು ಹೇಳ್ದೆ. ಅವ್ರು ನಮ್ಮಜ್ಜಿ ಅಲ್ಲ. ಅಲ್ಲಿ ನಿಂತಿದಾರಲ್ಲ, ಅಕ್ಕ, ಅವರ ಅಜ್ಜಿ."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು.

"ನಮ್ಮಜ್ಜಿ ಮೈಸೂರಲ್ಲಿದ್ರು. ಟಿವಿ ಸೀರಿಯಲ್ ನೋಡೋರು. ಅಡ್ವರ್ಟೈಸ್‌ಮೆಂಟ್ ಬಂದಾಗ ಮಾತ್ರ ನನ್ ಕಡೆ ತಿರುಗಿ, ಯಾರ ಮಗ ನೀನು ಅಂತ ಕೇಳೋರು. ಹೇಳೋಕೆ ಒಂದು ಕಥೆನೂ ಬಿಡ್ದೆ ಹೋಗ್ಬಿಟ್ರು. ಅಕ್ಕ ಅವರಜ್ಜಿ ಬಗ್ಗೆ ಹೇಳಿದ ದಿನದಿಂದ ನಂಗೆ ಆಸೆ. ನಂಗೂ ಒಂದು ಎಳೆ ಬಿಟ್ಟು ಹೋಗೋರು ಯಾರಾದ್ರೂ ಇರ್ಬೇಕಿತ್ತು ಅಂತ. ಬಾಯಿಗೆ ಬಂದಾಗ ನಮ್ಮಜ್ಜಿ ಅಂತ್ಲೇ ಬಂತು. ಸಾರಿ ಆಂಟಿ. ಸಾರಿ ಅಕ್ಕ."

ಮೊದಲು ನಗು ಎದ್ದಿತು, ಸೀರಿಯಲ್ಲಿನ ಮಾತಿಗೆ. ಆಮೇಲೆ ನಗು ನಿಂತಿತು. ಬಾಗಲಕೋಟೆಯ ಆಂಟಿ ಅವನ ಗಲ್ಲ ಸವರಿ, "ಹೋಗ್ಲಿ ಬಿಡಪಾ, ನಾ ಅದೀನಲ್ಲ" ಎಂದು ಕಣ್ಣೊರೆಸಿಕೊಂಡರು. ಅವರನ್ನು ನೋಡಿ ಇನ್ನೂ ನಾಲ್ವರು ಕಣ್ಣೊರೆಸಿಕೊಂಡರು. ನೀರಾವರಿ ಅಂಕಲ್ ಕೂಡ. ನಾನು ಬರಿಗೈಲಿ ನಿಂತಿದ್ದೆ. ಸಿಕ್ಕಿಬಿದ್ದರೂ ಗೆಲ್ಲುವವನ ಜೊತೆ ಜಗಳ ಹೇಗಾಡುವುದು ಹೇಳಿ.

ಅಲ್ಲಿಂದ ಸಿಟಿ ಹಾಲ್ ತನಕ ನಾನು ಗುಂಪಿನ ಕೊನೆಯಲ್ಲಿ ನಡೆದೆ. ಅದು ನನ್ನ ಕೆಲಸವೂ ಆಗಿತ್ತು, ಹಿಂದೆ ಬಿದ್ದವರನ್ನು ಸೇರಿಸಿಕೊಳ್ಳುವುದು. ಮಾರ್ಕೆಟ್ ಸ್ಟ್ರೀಟಿನಲ್ಲಿ ಪೆರುವಿನವರ ಹೋಟೆಲುಗಳಿಂದ ಕೋಳಿ ಸುಡುವ ವಾಸನೆ ಬರುತ್ತಿತ್ತು, ಆಂಟಿಯರು ಮೂಗು ಮುಚ್ಚಿಕೊಂಡರು, ಮಕ್ಕಳು ಒಳಗೆ ಹೋಗೋಣ ಅಂತ ಹಟ ಹಿಡಿದರು. ಇಬ್ಬರನ್ನು ಡಾಲರ್ ಅಂಗಡಿಯಿಂದ ಎಳೆದು ತಂದೆ. ಮುಂದೆ ಅವನ ದನಿ ಕೇಳುತ್ತಿತ್ತು: ರೇಷ್ಮೆಗೆ ಹೆಸರಾದ ಫ್ರಾನ್ಸಿನ ಊರೊಂದರ ಸಿಟಿ ಹಾಲನ್ನು ನೋಡಿ ಇದನ್ನು ಕಟ್ಟಿದ್ದು, ಬೆಂಕಿಯಲ್ಲಿ ಒಳಗೆಲ್ಲ ಸುಟ್ಟರೂ ಗೋಡೆ ನಿಂತಿತ್ತು. ಎಲ್ಲ ಸರಿಯಾಗಿಯೇ ಹೇಳಿದ.

ಟೂರು ಮುಗಿದು ಜನ ಅವನ ಜೊತೆ ಫೋಟೊ ಹೊಡೆಸಿಕೊಳ್ಳುತ್ತಿದ್ದಾಗ ಮ್ಯಾನೇಜರ್ ಸಿಟಿ ಹಾಲಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತಳು.

"ಮಗ್ಗದ ಹತ್ತಿರ ಏನಾಯಿತು?" ಎಂದಳು.

ಆಗ ಹೊಳೆಯಿತು. ಅವಳಿಗೆ ಏನೂ ಗೊತ್ತಿಲ್ಲ. ಅವಳು ನೋಡಿದ್ದು ಮುಖಗಳನ್ನು ಮಾತ್ರ. ಆ ಮುಖಗಳಿಗೆ ಕಾರಣ ಏನು ಅಂತ ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನು.

"ಅವನು ನನ್ನ ಅಜ್ಜಿಯನ್ನು ಕದ್ದ" ಎಂದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು, ನನಗೆ ಹಿತವಾಯಿತು. "ನಾನು ಹೇಳಿದ ನಮ್ಮ ಮನೆಯ ಕಥೆಯನ್ನು ತನ್ನದು ಅಂತ ಹೇಳಿದ. ಒಬ್ಬ ಹೆಂಗಸು ಪ್ರಶ್ನೆ ಕೇಳಿದಳು. ಸಿಕ್ಕಿಬಿದ್ದ."

ಒಂದಕ್ಷರ ಸುಳ್ಳಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಜಾಗ ನನ್ನದು. ಅವಳ ತುಟಿ ಬಿಗಿಯಾದದ್ದನ್ನು ಕಂಡೆ. ಮಗ್ಗದವರ ಬೀದಿಗಳು ಕಣ್ಣಮುಂದೆ ಬಂದವು, ಅಲ್ಲಿ ನಾನು ನಿಲ್ಲಿಸಬೇಕೆಂದಿದ್ದ ಜಾಗಗಳು ಒಂದೊಂದೂ.

"ಹಾಗಾದರೆ ಅವರು ಅತ್ತದ್ದು ಯಾಕೆ?" ಎಂದಳು.

ಗೊತ್ತಿಲ್ಲ ಎನ್ನಬಹುದಿತ್ತು. ನಮ್ಮ ಜನ ಸ್ವಲ್ಪ ಹಾಗೆ, ಸುಮ್ಮಸುಮ್ಮನೆ ಅಳುತ್ತಾರೆ ಎನ್ನಬಹುದಿತ್ತು. ಬಾಯಿ ತೆರೆದೆ, ಅಜ್ಜಿ ಬಂದಳು. ಕುರುಡು ಕಣ್ಣಿನ ಅಜ್ಜಿಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋಗಲು ನನ್ನಿಂದ ಆಗಲಿಲ್ಲ. ಒಡಲು, ಸೆರಗು, ಕೊಂಡಿ, ಬಿಟ್ಟ ಎಳೆ, ಎಲ್ಲ ಹೇಳಿದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಅವ್ವ ಸೆರಗಿಲ್ಲದ ನೀಲಿ ಗೌನಿನ ಅಂಚಿನಲ್ಲೇ ಆ ಸಂದು ಹುಡುಕುತ್ತಿದ್ದದ್ದನ್ನು ಹೇಳಿದೆ. ಅದನ್ನು ಮೈಸೂರಿನವನಿಗೂ ಹೇಳಿರಲಿಲ್ಲ. ಆಮೇಲೆ ಅವನು ಹೇಳಿದ್ದನ್ನೂ ಹೇಳಬೇಕಾಯಿತು, ಅದಿಲ್ಲದೆ ಕಥೆ ಮುಗಿಯುತ್ತಿರಲಿಲ್ಲ. ಸೀರಿಯಲ್ಲು, ಯಾರ ಮಗ ನೀನು ಎನ್ನುವ ಅಜ್ಜಿ, ಒಂದು ಎಳೆಯ ಆಸೆ, ಜೋಡಿಸಿದ ಕೈ. ಒಂದನ್ನೂ ಕಡಿಮೆ ಮಾಡದೆ ಹೇಳಿದೆ.



"ಅಲ್ಲಿ ಜಗಳ ಆಗುತ್ತಿದೆ ಅಂದುಕೊಂಡಿದ್ದೆ" ಎಂದಳು ಮ್ಯಾನೇಜರ್. "ಗುಂಪು ಅವನ ಕೈ ತಪ್ಪಿತು ಅಂತ. ಈ ಮೆಟ್ಟಿಲ ಮೇಲೆ ಕೂರುವ ತನಕ ನನ್ನ ತಲೆಯಲ್ಲಿದ್ದದ್ದು ನಿನ್ನ ಹೆಸರು."

"ಈಗ?"

"ತಪ್ಪು ಹಿಡಿದ ಮೇಲೂ ಅಷ್ಟು ಜನರನ್ನು ಜೊತೆಗೆ ಇಟ್ಟುಕೊಂಡನಲ್ಲ. ಕದ್ದದ್ದಕ್ಕೆ ಚೆನ್ನಾಗಿ ಬೈಯುತ್ತೇನೆ. ಆದರೆ ಜಾಗ ಅವನಿಗೆ." ಎದ್ದವಳು ನನ್ನ ಭುಜ ಮುಟ್ಟಿದಳು. "ನಿನ್ನ ಬೀದಿಗಳನ್ನು ದಾರಿಗೆ ಸೇರಿಸಲು ಅವನಿಗೆ ನೀನೇ ಹೇಳು."

ಅವನಿಗೆ ನಾನು ಹೇಳಬೇಕಂತೆ. ಮೆಟುಚೆನ್ನಿನ ತನಕ ಕಾರಿನಲ್ಲಿ ಒಬ್ಬಳೇ ಬೈದುಕೊಂಡು ಬಂದೆ. ಅವನನ್ನು, ಅವಳನ್ನು, ಉಪ್ಪಿಟ್ಟನ್ನು, ನನ್ನ ಬಾಯಿಯನ್ನು.

ಮನೆಯಲ್ಲಿ ಗಂಡ ರೊಟ್ಟಿ ಬಿಸಿ ಮಾಡಿ ಇಟ್ಟಿದ್ದರು. ಎಲ್ಲ ಕೇಳಿ, "ಅರ್ಧಾ ಹೇಳಿ ಸುಮ್ಮ ಆಗಬೇಕಿತ್ತಿಲ್ಲೋ?" ಎಂದರು. ನಾನು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದೆ. ಊಟ ಬೇಡವಾಗಿತ್ತು. ಅಷ್ಟರಲ್ಲಿ ಫೋನು ಬಂತು, ಅವನದೇ.

"ಅಕ್ಕ, ಬೈಯೋದಿದ್ರೆ ಬೈದ್ಬಿಡಿ" ಎಂದ.

"ಯಾಕ ಫೋನ್ ಮಾಡೀದಿ ಹೇಳು."

"ಮ್ಯಾನೇಜರ್ ಕಾಲ್ ಮಾಡಿದ್ರು. ಚೆನ್ನಾಗಿ ಉಗಿದ್ರು, ಆಮೇಲೆ ಪೋಸ್ಟ್ ನಿಂಗೇ ಅಂದ್ರು. ಬೀದಿಗಳದ್ದು ಹೇಳಿದ್ರು, ಮುಂದಿನ ಶನಿವಾರ ನೀವು ನಡೆಸಿ, ನಾನು ಹಿಂದೆ ಬರ್ತೀನಿ. ಇನ್ನೊಂದು ವಿಷ್ಯ ಅಕ್ಕ. ನನ್ ಬಗ್ಗೆ ಅವ್ರು ಮಾತಾಡಿದ್ದು ಅಷ್ಟೇ. ಆಮೇಲೆ ಫುಲ್ ನಿಮ್ ಬಗ್ಗೆನೇ. ನೀವು ಹೇಳಿದ್ದು, ಆ ನೀಲಿ ಗೌನು, ಅವ್ರು ಕಾರಲ್ಲಿ ಕೂತು ಅತ್ತಿದ್ದು. 'ಯು ಶುಡ್ ಹ್ಯಾವ್ ಹರ್ಡ್ ಹರ್' ಅಂತ ಹೇಳಿದ್ದೇ ಹೇಳಿದ್ದು. ನಾನು ಅಷ್ಟ್ ಜನರ ಮುಂದೆ ನಿಂತು ಹೇಳಿದ್ದು ಲೆಕ್ಕಕ್ಕೇ ಇಲ್ಲ. ನಿಜ ಹೇಳ್ಲಾ? ನಂಗೆ ಹೊಟ್ಟೆ ಉರಿದ್ಹೋಯ್ತು."

"ಖರೇನೂ?"

"ನಿಜವಾಗ್ಲೂ ಅಕ್ಕ. ಊಟಾನೂ ಸೇರ್ತಿಲ್ಲ."

"ಆಗ್ಲಿ" ಎಂದು ಫೋನಿಟ್ಟೆ.

"ಏನಂದ?" ಎಂದು ಗಂಡ ಕೇಳಿದರು.

ನಾನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. "ಏನಿಲ್ಲ. ಇನ್ನೊಂದು ರೊಟ್ಟಿ ಹಾಕ್ರಿ."